ಬಿಗಿಯಣ್ಣನ ಎಡಗೈ

ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ಬಿಗಿಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬಾಗಿಲಿನ ಹಾಜರಿ ಯಂತ್ರಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಅವನು ನಿಲ್ಲಿಸಿದ ನಲ್ಲಿಯನ್ನು ಇನ್ನೊಬ್ಬರು ತಿರುಗಿಸಬೇಕಾದರೆ ಎರಡೂ ಕೈ ಹಾಕಬೇಕು. ಅವನು ಮುಚ್ಚಿದ ಡಬ್ಬಿಗೆ ಹೆಂಡತಿ ಬಿಸಿನೀರು ಸುರಿದು, ಬಟ್ಟೆ ಸುತ್ತಿ, ಬಾಗಿಲ ಸಂದಿಗೆ ಸಿಕ್ಕಿಸಿ ಹೆಣಗಾಡಿ, ಕೊನೆಗೆ ಪಕ್ಕದ ಮನೆಯವನನ್ನು ಕೂಗಿ ಕರೆಯುತ್ತಿದ್ದಳು. ಮಗಳ ನೀರಿನ ಬಾಟಲಿಯನ್ನು ಬೆಳಿಗ್ಗೆ ತುಂಬಿಸಿ ಕೊಡುವುದೂ ಅವನದೇ ಕೆಲಸ. ಅದೇ ಶಾಪಿನಲ್ಲಿ ಅಳತೆ ನೋಡುವ ಕೆಲಸಕ್ಕಿದ್ದ ಮಗಳು ಮಧ್ಯಾಹ್ನ ಆ ಬಾಟಲಿ ಹಿಡಿದುಕೊಂಡು ಲೇತಿನವನ ಹತ್ತಿರ ಹೋಗಿ, "ಅಣ್ಣಾ, ಇದೊಂದು ತೆಗೆದುಕೊಡಿ" ಎನ್ನುವುದು ಎಲ್ಲರಿಗೂ ದಿನನಿತ್ಯದ ತಮಾಷೆಯಾಗಿತ್ತು.

"ನಿಮ್ಮಪ್ಪ ಮುಚ್ಚಿದ್ದಾ? ತಡಿಯಮ್ಮ, ಲೇತಿಗೇ ಕಟ್ತೀನಿ" ಎಂದು ಲೇತಿನವನು ಬಾಟಲಿಯನ್ನು ಯಂತ್ರಕ್ಕೆ ಸಿಕ್ಕಿಸುವ ನಾಟಕವಾಡುತ್ತಿದ್ದ.

ನಗುವವರಿಗೇನು, ನಗುತ್ತಾರೆ. ಆದರೆ ಆ ಬಿಗಿ ಸುಮ್ಮನೆ ಬಂದದ್ದಲ್ಲ. ಬಿಗಿಯಣ್ಣನಿಗೆ ಕೆಲಸ ಕಲಿಸಿದವನು ಸ್ವಂತ ಅಣ್ಣ. ಆಗೆಲ್ಲ ಯಂತ್ರಗಳಿಗೆ ಗಾಜಿನ ಬಾಗಿಲು ಇರುತ್ತಿರಲಿಲ್ಲ. ಒಂದು ದಿನ ಅಣ್ಣ ತಾನೇ ವೈಸಿಗೆ, ಅಂದರೆ ತುಂಡನ್ನು ಕಚ್ಚಿ ಹಿಡಿಯುವ ಇಕ್ಕಳಕ್ಕೆ, ತುಸು ಸಡಿಲವಾಗಿ ಕಟ್ಟಿದ್ದ ತುಂಡು, ಕಟ್ಟರ್ ತಗುಲಿದ ಕೂಡಲೇ ಕಿತ್ತುಕೊಂಡು ಹಾರಿ ಅವನ ಬಲಗಣ್ಣಿಗೆ ಬಡಿಯಿತು. ಅಣ್ಣ ಮುಖ ಹಿಡಿದು ಕೂತ ಜಾಗವೂ, ಬೆರಳುಗಳ ಸಂದಿಯಿಂದ ಇಳಿದದ್ದೂ ಬಿಗಿಯಣ್ಣನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಆಮೇಲೆ ಅಣ್ಣ ಯಂತ್ರದ ಮುಂದೆ ನಿಲ್ಲಲೇ ಇಲ್ಲ. ತಮ್ಮ ಮಾತ್ರ ನಿಂತ. ಆ ದಿನದಿಂದ ವೈಸಿನ ಹ್ಯಾಂಡಲ್ ಹಿಡಿದರೆ ತೋಳಿನ ನರ ಉಬ್ಬುವ ತನಕ ತಿರುಗಿಸುತ್ತಿದ್ದ. ಹಾಗೆ ತಿರುಗಿಸಿಯೇ ಅವನು ಆ ಶಾಪಿನ ದೊಡ್ಡ ಸೆಟ್ಟರ್ ಆದ.

ಸೆಟ್ಟರ್ ಅಂದರೆ ಸಾಮಾನ್ಯದವನಲ್ಲ. ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಕಂಪ್ಯೂಟರ್ ಹೇಳಿದ ಹಾಗೆ ತಾನೇ ಕೊರೆಯುತ್ತದೆ, ನಿಜ. ಆದರೆ ಅದಕ್ಕೆ ಕಣ್ಣಿಲ್ಲ. ಕಟ್ಟಿದ ತುಂಡು ಎಲ್ಲಿದೆ, ನೆಟ್ಟಗಿದೆಯೋ ಸೊಟ್ಟಗಿದೆಯೋ ಅದಕ್ಕೆ ತಿಳಿಯದು. ತುಂಡನ್ನು ವೈಸಿನಲ್ಲಿ ಕೂರಿಸಿ, ಗಡಿಯಾರದಂಥ ಡಯಲನ್ನು ಅದರ ಅಂಚಿಗೆ ತಾಗಿಸಿ, ಉದ್ದಕ್ಕೂ ಓಡಿಸಿ, ಮುಳ್ಳು ಸೊನ್ನೆ ಬಿಟ್ಟು ಅಲುಗದ ಹಾಗೆ ನಿಲ್ಲಿಸಿಕೊಡುವವನು ಸೆಟ್ಟರ್. ಕೂದಲೆಳೆಯ ಅರ್ಧದಷ್ಟು ಓರೆಯಾದರೂ ಮಾಲು ಗುಜರಿಗೆ. ಈ ಕೆಲಸದಲ್ಲಿ ಬಿಗಿಯಣ್ಣನ ಮಾತೇ ಕೊನೆಯ ಮಾತಾಗಿತ್ತು, ಆ ಚೌಕಟ್ಟುಗಳು ಬರುವ ತನಕ.

ಕಣ್ಣಿನ ಡಾಕ್ಟರ ಉಪಕರಣವೊಂದರಲ್ಲಿ ಮಸೂರವನ್ನು ಹಿಡಿದಿಡುವ ಚೌಕಟ್ಟುಗಳವು. ಗಾತ್ರ ಬೆಂಕಿಪೊಟ್ಟಣದಷ್ಟು, ಗೋಡೆ ಉಗುರಿಗಿಂತ ತುಸು ದಪ್ಪ. ಒಂದು ಮುಖದ ಕೆಲಸ ಮುಗಿಸಿ, ಬಿಚ್ಚಿ, ತಿರುವಿ ಹಾಕಿ ಮತ್ತೆ ಕಟ್ಟಿ, ಆ ಕಡೆಯ ತೂತಿಗೆ ಒಂದಿಷ್ಟೂ ತಪ್ಪದ ಹಾಗೆ ಈ ಕಡೆಯಿಂದ ದುಂಡಗೆ ಬೋರ್ ಮಾಡಬೇಕು. ಕಚ್ಚಾ ತುಂಡುಗಳನ್ನು ಕೆಲಸ ಕೊಟ್ಟವರೇ ಲೆಕ್ಕ ಹಾಕಿ ಕಳಿಸಿದ್ದರು. ಬಿಗಿಯಣ್ಣ ಕಟ್ಟಿದ. ವೈಸಿನಲ್ಲಿದ್ದಾಗ ಅಳೆದರೆ ಬೋರು ದುಂಡಗೆ, ಬಿಚ್ಚಿ ಅಳೆದರೆ ಮೊಟ್ಟೆ. ಇನ್ನೊಂದು ಕಟ್ಟಿದ, ಅದೂ ಮೊಟ್ಟೆ. ಹಿಡಿತ ಸಾಲದೆ ಅಲುಗುತ್ತಿದೆಯೇನೋ ಎಂದು ಮುಂದಿನದನ್ನು ಇನ್ನೂ ಬಿಗಿ ಮಾಡಿದ, ಅದು ಇನ್ನೂ ದೊಡ್ಡ ಮೊಟ್ಟೆ. "ಮಾಲೇ ಸರಿಯಿಲ್ಲ" ಎಂದು ಯಜಮಾನರ ಮುಂದೆ ಬಡಬಡಿಸಿದ. ಆ ತಲೆಬಿಸಿಯಲ್ಲೇ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಪ್ಲಾಸ್ಟರ್ ಬಿತ್ತು. ಆಗ ಉಳಿದಿದ್ದದ್ದು ಒಂದೇ ಒಂದು ತುಂಡು.

ಯಜಮಾನರು ಹೊರಗಿನಿಂದ ಸೆಟ್ಟರನ್ನು ಕರೆಸುವ ಮಾತಾಡಿದರು. ಆಗ ಮಗಳು ಅಳತೆ ಮೇಜಿನಿಂದ ಎದ್ದು ಬಂದು, "ನಾನು ಕಟ್ತೀನಿ ಸಾರ್" ಎಂದುಬಿಟ್ಟಳು.

ಯಜಮಾನರು ಅವಳನ್ನು ನೋಡಿದರು, ಅವಳ ಅಪ್ಪನ ಪ್ಲಾಸ್ಟರನ್ನೂ ನೋಡಿದರು. "ನೋಡಮ್ಮಾ, ಮುಚ್ಚುಮರೆ ಇಲ್ದೆ ಹೇಳ್ಬಿಡ್ತೀನಿ. ಸರಿಬಂದ್ರೆ ಈ ಯಂತ್ರ ನಿಂದು. ಕೆಟ್ರೆ ನೀನು ಪ್ಯಾಕಿಂಗ್‌ಗೆ ಹೋಗು, ಹೊರಗಡೆಯವನು ಬರ್ತಾನೆ. ಇನ್ನೊಂದು ಸಲ ಕೇಳ್ಬೇಡ."

ಅವಳು ತಲೆಯಾಡಿಸಿದಳು. ಸೆಟ್ಟರ್ ಆಗಬೇಕೆಂದು ಅವಳು ಮನೆಯಲ್ಲಿ ಬಾಯಿಬಿಟ್ಟಾಗಲೆಲ್ಲ ಅಪ್ಪ, "ಅಳತೆ ಮೇಜಲ್ಲಿ ತಂಪಾಗಿ ಕೂತಿರು" ಎಂದು ಮಾತು ಮುಗಿಸುತ್ತಿದ್ದ. ಈಗ ಅವಳು ಅಪ್ಪನನ್ನು ಕೇಳಲೇ ಇಲ್ಲ.

ಅವತ್ತು ಮನೆಯಲ್ಲಿ ಊಟದ ಮಧ್ಯೆ ಜಗಳ. "ಮಾಲು ಸರಿಯಾಗೇ ಇದೆ ಅಪ್ಪಾ. ನೀನು ಅದನ್ನ ಹಿಂಡಿಬಿಡ್ತೀಯ. ಹಿಂಡಿರುವಾಗ ದುಂಡಗೆ ಕೊರೆದ್ರೆ, ಬಿಟ್ಟ ತಕ್ಷಣ ಗೋಡೆ ವಾಪಸ್ ಹೋಗತ್ತೆ, ದುಂಡು ಕೆಡತ್ತೆ."

"ನಾನು ಜಾಬ್ ಕಟ್ಟೋಕೆ ಶುರು ಮಾಡ್ದಾಗ ನೀನಿನ್ನೂ ಹುಟ್ಟಿರ್ಲಿಲ್ಲ."

"ಹುಟ್ಟಿದ್ರೆ ಆವತ್ತೇ ಹೇಳ್ತಿದ್ದೆ."

ಅಮ್ಮ ಕಿಸಕ್ಕೆಂದು ನಕ್ಕಳು. ಬಿಗಿಯಣ್ಣ ಮುಖ ಊದಿಸಿಕೊಂಡು ಎಡಗೈಯಲ್ಲಿ ಚಮಚ ಹಿಡಿದು ಉಳಿದದ್ದನ್ನು ಮುಗಿಸಿದ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಸಡಿಲವಾಗಿ ಕಟ್ಟಿದ್ದು ಏನು ಮಾಡುತ್ತದೆ ಎಂದು ಈ ಹುಡುಗಿಗೆ ಗೊತ್ತಿಲ್ಲ, ಅದನ್ನು ಕಂಡವನು ತಾನು.

ಮರುದಿನ ಯಾರೂ ಕರೆಯದಿದ್ದರೂ ಬಿಗಿಯಣ್ಣ ಶಾಪಿಗೆ ಬಂದು ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂತ. "ಕೈ ಕಟ್ಕೊಂಡು ಕೂರ್ಬೇಕು, ಒಪ್ಪಿಗೆಯಾ?" ಎಂದಳು ಮಗಳು. "ಒಂದು ಕೈ ಡಾಕ್ಟರೇ ಕಟ್ಟಿದಾರೆ" ಎಂದ ಅವನು. ಅವಳು ನಕ್ಕು ಕೆಲಸಕ್ಕೆ ತೊಡಗಿದಳು.

ಅವಳು ವೈಸಿನ ದವಡೆಗಳನ್ನು ಮೊದಲು ಬಟ್ಟೆಯಲ್ಲಿ, ಆಮೇಲೆ ಬರಿಯ ಹೆಬ್ಬೆರಳಲ್ಲಿ ಒರೆಸಿದಳು. ಬಟ್ಟೆ ಬಿಟ್ಟ ಚೂರು ಹೆಬ್ಬೆರಳಿಗೆ ಸಿಗುತ್ತದೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಪ್ಪನನ್ನು ನೋಡಿಯೇ ಕಲಿತಿರಬೇಕು. ಬಿಗಿಯಣ್ಣನಿಗೆ ಒಳಗೊಳಗೇ ಹಿಗ್ಗಾಯಿತು, ತೋರಿಸಿಕೊಳ್ಳಲಿಲ್ಲ. ಚೌಕಟ್ಟಿನ ಆಕಾರಕ್ಕೇ ಕೊರೆದಿದ್ದ ಮೆತ್ತನೆಯ ದವಡೆಗಳ ನಡುವೆ ಅದನ್ನು ಕೂರಿಸಿ, ನೈಲಾನ್ ಸುತ್ತಿಗೆಯಿಂದ ತಟ್ಟಿದಳು. ಡಯಲನ್ನು ಅಂಚಿನುದ್ದಕ್ಕೂ ಓಡಿಸಿದಳು. ಮುಳ್ಳು ಒಂದು ಗೆರೆ ಅತ್ತ ಸರಿಯಿತು. ತಟ್ಟಿದಳು. ಇತ್ತ ಸರಿಯಿತು. ಮತ್ತೆ ತಟ್ಟಿದಳು, ಈ ಸಲ ಹೂವು ಮುಟ್ಟಿದಷ್ಟು ಮೆತ್ತಗೆ. ಮುಳ್ಳು ಅಲುಗದೆ ನಿಂತಿತು.

ಇಷ್ಟರ ತನಕ ಎಲ್ಲ ಸರಿ. ಆಮೇಲೆ ಅವಳು ಮಾಡಿದ್ದನ್ನು ನೋಡಿ ಬಿಗಿಯಣ್ಣ ಸ್ಟೂಲಿನಲ್ಲಿ ಚಡಪಡಿಸಿದ. ಡಯಲನ್ನು ತೆಳ್ಳನೆಯ ಗೋಡೆಗೇ ತಾಗಿಸಿ ನಿಲ್ಲಿಸಿ, ಮುಳ್ಳನ್ನು ನೋಡುತ್ತ ಹ್ಯಾಂಡಲನ್ನು ಇಷ್ಟಿಷ್ಟೇ ತಿರುಗಿಸಿದಳು. ಮುಳ್ಳು ಮಿಸುಕಿತು. ಅಷ್ಟಕ್ಕೇ ಕೈ ನಿಲ್ಲಿಸಿದಳು. ನಿಲ್ಲಿಸಿದ್ದಷ್ಟೇ ಅಲ್ಲ, ತುಸು ಹಿಂದಕ್ಕೆ ಬೇರೆ ಬಿಟ್ಟಳು. ಮುಳ್ಳು ಸೊನ್ನೆಗೆ ಬಂತು.

"ಇಷ್ಟೇನಾ?" ಎಂದ ಬಿಗಿಯಣ್ಣ.

"ಇಷ್ಟೇ."

"ಪುಟ್ಟೀ, ಇದು ಕಾಗದಾನೂ ಹಿಡಿಯಲ್ಲ."

"ಕಾಗದ ಕೊರೀತಿಲ್ವಲ್ಲ ಅಪ್ಪಾ. ಕೊನೇ ಕಟ್ ತುಂಬ ಸಣ್ಣದು, ಹಿಡಿಯತ್ತೆ." ಬೋರ್ ಮಾಡುವ ಟೂಲನ್ನು ಅಳತೆ ಕೋಣೆಯಿಂದ ತರಬೇಕಿತ್ತು, ಯಜಮಾನರನ್ನೂ ಕರೆಯಬೇಕಿತ್ತು. ಅವಳು ಡಯಲನ್ನು ಹಾಗೇ ನಿಲ್ಲಿಸಿ ಹೋದಳು.

ಬಿಗಿಯಣ್ಣ ಒಬ್ಬನೇ ಉಳಿದ. ಲೇತಿನವನು ಅತ್ತ ತಿರುಗಿದ್ದ. ಯಂತ್ರದ ಬಾಗಿಲು ತೆರೆದಿತ್ತು. ಕಟ್ಟರ್ ತಗುಲಿದ ಕೂಡಲೇ ಆ ಚೌಕಟ್ಟು ಕಿತ್ತು ಬರುವುದು, ಗಾಜಿಗೆ ಬಡಿಯುವುದು, ಯಜಮಾನರ ಮುಖ, ಮಗಳು ಪ್ಯಾಕಿಂಗ್ ಮೇಜಿನಲ್ಲಿ ರಟ್ಟಿನ ಪೆಟ್ಟಿಗೆ ಮಡಿಸುತ್ತ ನಿಂತಿರುವುದು ಎಲ್ಲವೂ ಒಂದೇ ಸಲಕ್ಕೆ ಕಣ್ಣಮುಂದೆ ಬಂತು. ಅವನು ಎದ್ದ. ಎಡಗೈ ಹ್ಯಾಂಡಲ್ ಮೇಲೆ ಹೋಯಿತು. ಒಂದು ಚೂರು, ಅಷ್ಟೇ. ಮಗಳ ಒಳ್ಳೆಯದಕ್ಕೇ.

ಮುಳ್ಳು ಸರಸರನೆ ಸರಿಯಿತು. ಒಂದಲ್ಲ, ಮೂರು ನಾಲ್ಕು ಗೆರೆ.

ಹಿಂದಕ್ಕೆ ಬಿಡೋಣವೆಂದರೆ, ಬಿಟ್ಟಾಗ ತುಂಡು ಕೂತ ಜಾಗದಿಂದ ಎದ್ದರೆ ಅವಳು ಹಿಡಿದ ನೇರವೆಲ್ಲ ಹಾಳು. ಹೊರಗೆ ಯಜಮಾನರ ಚಪ್ಪಲಿಯ ಸದ್ದು ಕೇಳಿತು. ಆಗ ಬಿಗಿಯಣ್ಣ ಜೀವಮಾನದಲ್ಲಿ ಮಾಡದಿದ್ದ ಕೆಲಸವೊಂದನ್ನು ಮಾಡಿದ. ಡಯಲಿನ ಸುತ್ತ ಒಂದು ಬಳೆ ಇರುತ್ತದೆ, ಅಂಕಿಗಳೆಲ್ಲ ಅದರೊಂದಿಗೇ ತಿರುಗುತ್ತವೆ. ಅದನ್ನು ಹೆಬ್ಬೆರಳಿಂದ ತಳ್ಳಿ, ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲಿಗೇ ಸೊನ್ನೆಯನ್ನು ತಂದು ನಿಲ್ಲಿಸಿದ. ತಳ್ಳಿ ಸ್ಟೂಲಿನಲ್ಲಿ ಕೂತ.

ಮಗಳು ಬಂದಳು. ಡಯಲ್ ನೋಡಿದಳು. ಸೊನ್ನೆ. ತೃಪ್ತಿಯಿಂದ ಅದನ್ನು ತೆಗೆದಿಟ್ಟಳು, ಬಾಗಿಲು ಎಳೆದಳು, ಹಸಿರು ಗುಂಡಿ ಒತ್ತಿದಳು.

ಟೂಲನ್ನು ತಂಪಾಗಿಡುವ, ಹಾಲಿನ ಬಣ್ಣದ ಕೂಲೆಂಟ್ ನೀರು ಗಾಜಿಗೆ ರಾಚಿತು. ಮೊದಲನೆಯದು ಒರಟು ಕೆಲಸ. ಒಳಗಿನ ಲೋಹವನ್ನು ಬಗೆದು ತೆಗೆದು, ಕೊನೆಯ ಕಟ್‌ಗೆಂದು ತೆಳ್ಳಗೆ ಒಂದು ಪದರ ಬಿಡುವುದು. ಯಜಮಾನರು ಕೈಕಟ್ಟಿ ನಿಂತಿದ್ದರು. ಬಿಗಿಯಣ್ಣ ಸ್ಟೂಲಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದ. ಮುಳ್ಳು ಯಾಕೆ ಸರಿಯಿತು? ಗೋಡೆ ಒಳಕ್ಕೆ ಬಾಗಿದ್ದರಿಂದ. ಅಷ್ಟು ಚೂರಿಗೇ ಇಷ್ಟು ಬಾಗಿದರೆ, ತಾನು ನರ ಉಬ್ಬಿಸಿ ಕಟ್ಟಿದ್ದವು ಎಷ್ಟು ಬಾಗಿರಬೇಕು? ಮಾಲಿನ ಮೇಲೆ ಹೊರಿಸಿದ ಆ ಮೊಟ್ಟೆಗಳೆಲ್ಲ ತನ್ನ ಕೈಯವೇ. ಮಗಳು ಹೇಳಿದ್ದು ಅಕ್ಷರ ಅಕ್ಷರ ಸತ್ಯ. ಅದನ್ನು ಅವಳ ಬಾಯಿಂದ ಕೇಳಿ ನಂಬದವನಿಗೆ ಮುಳ್ಳು ತೋರಿಸಿಕೊಟ್ಟಿತ್ತು, ಆ ಮುಳ್ಳಿನ ಬಾಯಿಯನ್ನೇ ಅವನು ಮುಚ್ಚಿಸಿದ್ದ.

ಯಂತ್ರ ತಾನಾಗಿ ನಿಂತಿತು. ಅವಳು ಹಾಗೆ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದಳು. ಬಾಗಿಲು ತೆರೆದು ಗಾಳಿ ಊದಿ ಚೂರುಗಳನ್ನು ಹಾರಿಸಿದಳು. "ಅಲುಗಾಡೇ ಇಲ್ಲ ಸಾರ್" ಎಂದಳು. ಯಜಮಾನರು, "ಪರವಾಗಿಲ್ವೇ" ಎಂದರು. ಮಗಳು ಅಪ್ಪನ ಕಡೆ ತಿರುಗಿ ಹುಬ್ಬು ಹಾರಿಸಿದಳು, ನೋಡಿದೆಯಾ ಎನ್ನುವ ಹಾಗೆ. ಆ ಮುಖ ನೋಡಿ ಬಿಗಿಯಣ್ಣನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಈಗ ಹೇಳಬೇಕಿತ್ತು. ಯಜಮಾನರ ಮುಂದೆ ಹೇಳಿದರೆ ಹಾಳಾದ ಅಷ್ಟೂ ತುಂಡು ತಲೆಯ ಮೇಲೆ ಬರುತ್ತದೆ. ದೊಡ್ಡ ಸೆಟ್ಟರ್ ಎಂಬ ಮಾತು ಇವತ್ತಿಗೆ ಮುಗಿಯುತ್ತದೆ. ಹೇಳದಿದ್ದರೆ? ಏನಾದರೂ ಪುಣ್ಯಕ್ಕೆ ಸರಿಬಂದೀತು. ಬಾರದಿದ್ದರೆ ಎಲ್ಲರೂ ಅನ್ನುತ್ತಾರೆ, ಅಪ್ಪನಿಗೇ ಆಗದ್ದು ಇವಳಿಗಾಗುತ್ತದೆಯೇ ಎಂದು. ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೂ. ಡಯಲ್ ಸೊನ್ನೆ ತೋರಿಸಿತ್ತಲ್ಲ, ತಾನೇ ಎಲ್ಲೋ ತಪ್ಪಿದೆ ಎಂದು ಅವಳು ಸಾಯುವ ತನಕ ನಂಬಿಕೊಂಡಿರುತ್ತಾಳೆ.

ಬಾಗಿಲು ಮುಚ್ಚಿತು. ಹಸಿರು ಗುಂಡಿ ಒತ್ತಿದ್ದಾಯಿತು. ಬೋರ್ ಟೂಲು ಸುಂಯ್ ಎಂದು ತಿರುಗುತ್ತ ಚೌಕಟ್ಟಿನ ಮೇಲಕ್ಕೆ ಬಂದು ಇಳಿಯತೊಡಗಿತು.

ಸ್ಟೂಲು ಉರುಳಿಬಿತ್ತು. ಬಿಗಿಯಣ್ಣ ಎಡಗೈಯಿಂದ ಕೆಂಪು ಗುಂಡಿಯನ್ನು ಗುದ್ದಿದ್ದ. ಯಂತ್ರ ಸತ್ತಂತೆ ನಿಂತಿತು. ಟೂಲಿನ ತುದಿ ಲೋಹಕ್ಕೆ ಇನ್ನೇನು ತಾಗುವುದರಲ್ಲಿತ್ತು.

"ಏನ್ರೀ ಇದು!" ಯಜಮಾನರು ಕೂಗಿದರು. ಲೇತಿನವನು ಓಡಿ ಬಂದ.

"ನಾನು ಬಿಗಿ ಮಾಡ್ದೆ" ಎಂದ ಬಿಗಿಯಣ್ಣ. "ಅವಳು ಆ ಕಡೆ ಹೋದಾಗ ನಾನೇ ಬಿಗಿ ಮಾಡ್ದೆ. ಮುಳ್ಳು ಸರೀತು. ಡಯಲ್ ತಿರುಗಿಸಿ ಸೊನ್ನೆ ತೋರಿಸ್ದೆ. ಮೊದಲು ಹಾಳಾದ್ವಲ್ಲ ಸಾರ್, ಅವೂ ಹಂಗೇ. ಮಾಲಿಂದೇನೂ ತಪ್ಪಿಲ್ಲ. ನನ್ನ ಕೈದೇ ತಪ್ಪು."

ಮಗಳ ಮುಖ ಕೆಂಪೇರಿ, ಆಮೇಲೆ ಬಿಳಿಚಿತು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಪದರ ಉಳಿದಿದೆ ಸಾರ್" ಎಂದಳು ಕೊನೆಗೆ, ಯಜಮಾನರಿಗೆ. "ಬಿಚ್ಚಿ ಮತ್ತೆ ಕಟ್ತೀನಿ."

"ಮತ್ತೆ ಅದೇ ನೇರ ಸಿಗತ್ತಾ?"

"ಸಿಗಬೇಕು."

ಅವಳು ಬಿಚ್ಚಿದಳು. ಮತ್ತೆ ಬಟ್ಟೆ, ಮತ್ತೆ ಹೆಬ್ಬೆರಳು, ಮತ್ತೆ ಸುತ್ತಿಗೆ. ಒಮ್ಮೆ ಬಾಗಿ ನೆಟ್ಟಗಾದ ಗೋಡೆ ಈ ಸಲ ಸುಲಭಕ್ಕೆ ಮಣಿಯಲಿಲ್ಲ. ತುಂಡನ್ನು ತಳಕ್ಕೆ ಒತ್ತಿ ತಟ್ಟುತ್ತಲೇ ಹ್ಯಾಂಡಲ್ ತಿರುಗಿಸಬೇಕಾಗಿತ್ತು, ಎರಡು ಕೈಗೂ ಪುರುಸೊತ್ತಿಲ್ಲ. ಡಯಲನ್ನೋ, ಹಿಂಬದಿಯ ಗೋಡೆಗೆ ನಿಲ್ಲಿಸಬೇಕಾಯಿತು. ಅದರ ಮುಖ ಅತ್ತ, ಅವಳು ಇತ್ತ.

"ಲೇತಿನವನು ಓದಿ ಹೇಳ್ತಾನೆ ಬಿಡು" ಎಂದರು ಯಜಮಾನರು.

"ಬೇಡ ಸಾರ್. ಅಪ್ಪ ಓದ್ತಾರೆ."

ಬಿಗಿಯಣ್ಣ ಬಿದ್ದ ಸ್ಟೂಲನ್ನು ಎತ್ತುತ್ತಿದ್ದವನು ಹಾಗೇ ನಿಂತ. ಅವಳು ಅವನ ಕಡೆ ನೋಡಲೂ ಇಲ್ಲ. ಅವನು ಹೋಗಿ ಯಂತ್ರದ ಪಕ್ಕದ ಬಾಗಿಲಿನಿಂದ ಬಗ್ಗಿ, ಡಯಲಿಗೆ ಮುಖ ಕೊಟ್ಟು ನಿಂತ. ಪ್ಲಾಸ್ಟರಿನ ಕೈಯನ್ನು ಬೆನ್ನ ಹಿಂದೆ ಇಟ್ಟ, ಎಡಗೈಯನ್ನೂ ಅದರ ಜೊತೆಗೇ ಇಟ್ಟ.

"ಹೇಳು" ಎಂದಳು.

"ಎರಡು ಗೆರೆ, ನಿನ್ನ ಕಡೆಗೆ."

ಸುತ್ತಿಗೆ ಟಕ್ ಎಂದಿತು.

"ಒಂದು... ಅರ್ಧ... ಇನ್ನೊಂದು ಸಲ ಮೆತ್ತಗೆ... ಸೊನ್ನೆ."

"ಬಿಗಿ ಮಾಡ್ತಿದೀನಿ."

ಹ್ಯಾಂಡಲ್ ಕದಲಿತು. ಬಿಗಿಯಣ್ಣ ಮೈಯೆಲ್ಲ ಕಣ್ಣಾಗಿ ಮುಳ್ಳನ್ನು ನೋಡಿದ. ಅದು ಸುಮ್ಮನಿತ್ತು. ಇನ್ನೂ ಸುಮ್ಮನಿತ್ತು. ಇನ್ನಷ್ಟು, ಇನ್ನಷ್ಟು ಎಂದು ಅವನ ಬೆನ್ನ ಹಿಂದಿನ ಬೆರಳುಗಳು ತಾವಾಗಿ ಮಡಿಸಿಕೊಳ್ಳುತ್ತಿದ್ದವು. ಮುಳ್ಳು ಉಸಿರಾಡಿದ ಹಾಗೆ ಮಿಸುಕಿತು. ಇಷ್ಟು ಸಾಲುವುದಿಲ್ಲ ಎಂದು ಅವನ ತೋಳು ಹೇಳಿತು, ಅಣ್ಣನ ಕಣ್ಣು ಹೇಳಿತು.

"ಸಾಕು" ಎಂದ ಬಿಗಿಯಣ್ಣ.

ವೈಸಿನ ಮುಂದೆ ಆ ಮಾತನ್ನು ಅವನು ಹಿಂದೆಂದೂ ಆಡಿದವನಲ್ಲ. ಅವಳ ಕೈ ತಕ್ಷಣ ನಿಂತಿತು. ಹೌದಾ ಎಂದು ಕೇಳಲಿಲ್ಲ, ಬಗ್ಗಿ ನೋಡಲೂ ಇಲ್ಲ. ಡಯಲ್ ತೆಗೆದು, ತುಂಡು ಎಲ್ಲಿದೆ ಎಂಬುದನ್ನು ಯಂತ್ರಕ್ಕೆ ಹೊಸದಾಗಿ ತಿಳಿಸಿ, ಬಾಗಿಲು ಎಳೆದಳು.

ಟೂಲು ಇಳಿಯುವಾಗ ಬಿಗಿಯಣ್ಣ ಸರಸರನೆ ಬಂದು ಮಗಳಿಗೂ ಗಾಜಿಗೂ ನಡುವೆ ನಿಂತ. ಒಳಗಿಂದ ಏನೂ ಹಾರಿ ಬರದಂಥ ದಪ್ಪ ಗಾಜು ಅದು, ಅವನಿಗೂ ಗೊತ್ತು. ಭಯಕ್ಕೆ ಮಾತ್ರ ಗಾಜು ಕಾಣುವುದಿಲ್ಲ. "ಅಪ್ಪಾ, ಏನೂ ಕಾಣಲ್ಲ, ಸರಿ" ಎಂದು ಹಿಂದಿನಿಂದ ಅವಳು ದೂಡಿದಳು. ಸರಿಯಲಿಲ್ಲ. ಟೂಲು ಲೋಹವನ್ನು ಮುಟ್ಟಿತು. ಕಿರುಗುಟ್ಟಲಿಲ್ಲ, ನಡುಗಲಿಲ್ಲ. ಒಂದೇ ಸಮನೆ ಸಣ್ಣಗೆ ಹಾಡಿಕೊಂಡು ತಳದ ತನಕ ಹೋಗಿ ಬಂತು. ಚೌಕಟ್ಟು ಇದ್ದಲ್ಲೇ ಇತ್ತು.

ಅಳತೆ ಮೇಜಿನಲ್ಲಿ ಎಲ್ಲರೂ ಸುತ್ತುಗಟ್ಟಿದರು. ಬಿಚ್ಚಿ ತಂದ ಚೌಕಟ್ಟಿನ ಒಳಗೆ ಅವಳು ಡಯಲಿನ ಕಡ್ಡಿ ಇಳಿಸಿ ಮೆಲ್ಲಗೆ ಸುತ್ತಿಸಿದಳು. ಮುಳ್ಳು ಅರ್ಧ ಗೆರೆ ಅತ್ತ ಹೋಯಿತು, ಅರ್ಧ ಗೆರೆ ಇತ್ತ ಬಂತು, ಅದರಾಚೆ ಹೋಗಲಿಲ್ಲ. ಮೊಟ್ಟೆಯಲ್ಲ, ದುಂಡು. ಯಜಮಾನರು ತಾವೇ ಒಂದು ಸುತ್ತು ತಿರುಗಿಸಿ ನೋಡಿ, "ನಾಳೆಯಿಂದ ಆ ಯಂತ್ರ ನೀನೇ ನೋಡ್ಕೋಮ್ಮ" ಎಂದರು. ಬಿಗಿಯಣ್ಣನ ಕಡೆ ತಿರುಗಿ, "ನೀವು ಕೈ ವಾಸಿ ಆಗೋ ತನಕ ಮನೇಲಿರಿ. ಆಮೇಲೆ ಮಾತಾಡೋಣ" ಎಂದು ಹೊರಟುಹೋದರು. ಆ ಆಮೇಲೆ ಏನೆಂದು ಅವನಿಗೆ ತಿಳಿಯಲಿಲ್ಲ. ವಿಚಿತ್ರವೆಂದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಮಗಳು ಮುಂದೆ, ಅವನು ಹಿಂದೆ. ಯಂತ್ರ ಸಿಕ್ಕವಳ ನಡಿಗೆ ಅದಾಗಿರಲಿಲ್ಲ. ರಸ್ತೆ ದಾಟಲು ನಿಂತಾಗ ಅವನು ಹತ್ತಿರ ಬಂದು, "ಪುಟ್ಟೀ, ಬಿಗಿ ಮಾಡಬಾರದಿತ್ತು" ಎಂದ.

"ಬಿಗಿ ಮಾಡಿದ್ದಕ್ಕಲ್ಲ ಅಪ್ಪಾ." ಅವಳ ಕಣ್ಣು ತುಂಬಿತ್ತು. "ದೊಡ್ಡಪ್ಪನ ವಿಷಯ ನಂಗೊತ್ತು. ನೀನು ಹ್ಯಾಂಡಲ್ ಮುಟ್ಟದೇ ಇರೋಕಾಗಲ್ಲ ಅಂತಾನೂ ಗೊತ್ತಿತ್ತು. ಆದ್ರೆ ಡಯಲ್‌ನ ಯಾಕೆ ತಿರುಗಿಸ್ದೆ? ನಿನ್ನ ಡಯಲ್ ಸೊನ್ನೆ ಅಂದ್ರೆ ನಾನು ಇನ್ನೊಂದು ಸಲ ನೋಡಲ್ಲ ಕಣಪ್ಪಾ. ಚಿಕ್ಕೋಳಿದ್ದಾಗಿಂದ."

ವಾಹನಗಳು ನಿಂತವು, ಅವಳು ದಾಟಿದಳು. ಮನೆಯಲ್ಲೂ ಮಾತಿಲ್ಲ. ಅಮ್ಮ ಇಬ್ಬರ ಮುಖವನ್ನೂ ನೋಡಿ, ಏನು ಕೇಳಿದರೂ "ಏನಿಲ್ಲ" ಎಂಬ ಉತ್ತರವೇ ಬಂದಾಗ ತಾನೂ ಬಾಯಿಗೆ ಬೀಗ ಹಾಕಿಕೊಂಡಳು.

ಬೆಳಿಗ್ಗೆ ಮಗಳು ಹೊರಡುವ ಹೊತ್ತಿಗೆ ಬಿಗಿಯಣ್ಣ ಎಂದಿನಂತೆ ಬಾಟಲಿಗೆ ನೀರು ತುಂಬಿಸಿದ. ಅದನ್ನು ಮೊಣಕಾಲುಗಳ ನಡುವೆ ಹಿಡಿದು ಎಡಗೈಯಲ್ಲಿ ಮುಚ್ಚಳ ತಿರುಗಿಸಿದ. ಮುಚ್ಚಳ ಕೂತಿತು. ಕೈ ಇನ್ನೊಂದು ಸುತ್ತಿಗೆ ಹೋಯಿತು, ಹೋಗಿ ಅಲ್ಲೇ ನಿಂತಿತು. ಸಾಕು ಎಂದುಕೊಂಡ. ಅವಳ ಚೀಲದಲ್ಲಿಟ್ಟ. ಅವಳು ಚೀಲ ಹೆಗಲಿಗೇರಿಸಿ, ಯಾರ ಕಡೆಯೂ ನೋಡದೆ ಮೆಟ್ಟಿಲಿಳಿದು ಹೋದಳು.

ಅವನು ಕಿಟಕಿಯ ಬಳಿ ನಿಂತು ನೋಡುತ್ತಿದ್ದ. ಬೀದಿಯ ಕೊನೆ ಮುಟ್ಟುವ ಮೊದಲೇ ಅವಳು ಗಕ್ಕನೆ ನಿಂತಳು. ಹೆಗಲಿನ ಚೀಲ ಮುಂದಕ್ಕೆ ತಂದು, ಒಳಗೆ ಕೈಹಾಕಿ, ತೊಟ್ಟಿಕ್ಕುತ್ತಿದ್ದ ಟವಲನ್ನು ಹೊರಗೆಳೆದಳು. ಅಂಗಿಯ ಬೆನ್ನೂ ಒದ್ದೆಯಾಗಿತ್ತು. ಟವಲನ್ನು ಹಿಂಡುತ್ತ ತಿರುಗಿ ಕಿಟಕಿಯತ್ತ ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಅಪ್ಪಾ! ಬಾಟ್ಲಿನಾದ್ರೂ ಬಿಗಿ ಮಾಡ್ಬಾರ್ದಾ?"

ನಿನ್ನೆ ರಸ್ತೆ ದಾಟಿದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು. ಬಿಗಿಯಣ್ಣ ಕಿಟಕಿಯ ಸರಳು ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ.